ಉಜ್ಜದೆ ಉಳಿದ ರಾಣಿ

ಹಳೇ ನಾಣ್ಯದ ಅಂಗಡಿಯ ಹಿಂದಿನ ಕೋಣೆ,
ಗುರುವಾರ, ಹದಿನೇಳನೇ ತಾರೀಖು

ಪೂಜ್ಯ ಮಾವನವರೇ,

ಮೊದಲು ಮಂಡಿಯ ಸಮಾಚಾರ ತಿಳಿಸಿ. ಆಪರೇಷನ್ ಆದ ಮೇಲೆ ಅದು ನಿಮ್ಮ ಮಾತು ಕೇಳುತ್ತಿದೆಯೋ, ಮನೆಯ ಉಳಿದವರ ಹಾಗೆ ಕೇಳಿದಂತೆ ನಟಿಸುತ್ತಿದೆಯೋ? ಮೆಟ್ಟಿಲು ಹತ್ತಬಾರದೆಂದು ಡಾಕ್ಟರು ಹೇಳಿದ್ದನ್ನು ನಿಮ್ಮ ದೊಡ್ಡ ಮಗಳು ಫೋನಿನಲ್ಲಿ ತಿಳಿಸಿದರು. ನೀವು ಹತ್ತಿದ್ದನ್ನೂ ಅವರೇ ತಿಳಿಸಿದರು. ಇಲ್ಲಿ ನಾವು ಕ್ಷೇಮ. ಅಂಗಡಿಯೂ ಕ್ಷೇಮ. ಅದರಲ್ಲಿ ನನ್ನ ಪಾಲು ಎಷ್ಟೆಂದು ಹೇಳಲು ಈ ಕಾಗದ. ಫೋನಿನಲ್ಲೇ ಹೇಳೋಣವೆಂದರೆ ನಿಮ್ಮ ಕಿರಿಮಗಳು, ಅಂದರೆ ನನ್ನ ಯಜಮಾನತಿ, ಪಕ್ಕದಲ್ಲೇ ಇರುತ್ತಾಳೆ. ನಿಮಗೆ ಹೇಳಕೂಡದೆಂದು ಅಪ್ಪಣೆಯಾಗಿದೆ.

ಆಪರೇಷನ್ನಿಗೆಂದು ದೊಡ್ಡ ಮಗಳ ಮನೆಗೆ ಹೊರಡುವಾಗ ನೀವು ಹೇಳಿದ್ದು ನನಗೆ ಬಾಯಿಪಾಠ: "ಅಳಿಯಂದಿರೇ, ಎರಡು ತಿಂಗಳು ನೋಡ್ತೀನಿ. ನಿಮ್ ಕೈಲಾದ್ರೆ ಈ ಕುರ್ಚಿ ನಿಮ್ದು. ಆಗ್ಲಿಲ್ವಾ, ಅಂಗಡಿ ಮಾರಿಬಿಡ್ತೀನಿ." ಆಗ ಅವಳು ನಿಮ್ಮ ಕೈಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಮೂರನೆಯ ದಾರಿಯೊಂದಿದೆ ಎಂದು ನಿಮಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅವಳಿಗೆ ಹೊಳೆದಿತ್ತು, ಬಾಯಿ ಬಿಡಲಿಲ್ಲ ಅಷ್ಟೇ.

ಕಳೆದ ವಾರ ನಮ್ಮ ಬೀದಿಯ ನಿವೃತ್ತ ಹಲ್ಲಿನ ಡಾಕ್ಟರು ಬಂದರು. ಅವರ ಅಜ್ಜನ ಪೆಟ್ಟಿಗೆಯಲ್ಲಿ ಎರಡು ಹಳೆಯ ಬ್ರಿಟಿಷ್ ಬೆಳ್ಳಿ ಕ್ರೌನ್ ನಾಣ್ಯಗಳು ಸಿಕ್ಕಿದ್ದವು. ಒಂದೇ ಇಸವಿ, ಒಂದೇ ಅಚ್ಚು: ಈ ಕಡೆ ಮುಸುಕು ಹೊದ್ದ ಮುದಿ ರಾಣಿ, ಆ ಕಡೆ ಕುದುರೆ ಸವಾರ. ಒಂದು ಕನ್ನಡಿಯ ಹಾಗೆ ಫಳಫಳ. ಇನ್ನೊಂದು, ಕ್ಷಮಿಸಿ, ತಳ ಹತ್ತಿದ ಬಾಣಲೆ. ನಾನು ನಿಮ್ಮ ಹಾಗೆಯೇ ಭೂತಗನ್ನಡಿ ಕಣ್ಣಿಗಿಟ್ಟು, ನಿಮ್ಮ ಹಾಗೆಯೇ "ಹೂಂ" ಎಂದು, ಬೆಲೆ ಪುಸ್ತಕ ತಿರುವಿ, ಹೊಳೆಯುವುದಕ್ಕೆ ಬೆಳ್ಳಿಯ ತೂಕದ ಬೆಲೆಯ ಆರು ಪಟ್ಟು ಹೇಳಿದೆ. ಕಪ್ಪಗಿದ್ದುದಕ್ಕೆ ಬರೀ ತೂಕದ ಬೆಲೆ. ಡಾಕ್ಟರ ಮುಖ ಬಾಡಿತು. ದಯಾಳುವಾದ ನಾನು ಉಪಾಯವನ್ನೂ ಹೇಳಿಕೊಟ್ಟೆ: "ಇದನ್ನೂ ಮನೆಗೆ ಒಯ್ದು ಹಂಗೇ ಹೊಳೆಯೋ ಥರ ಮಾಡ್ಕೊಂಡ್ ಬನ್ನಿ ಡಾಕ್ಟ್ರೇ, ಅದೇ ರೇಟು ಕೊಡ್ತೀನಿ." ಅವರು ಖುಷಿಯಾಗಿ ಕಪ್ಪು ರಾಣಿಯನ್ನು ಜೇಬಿಗಿಳಿಸಿದರು.

ಅಷ್ಟರಲ್ಲಿ ಬಾಗಿಲಲ್ಲಿ ಊಟದ ಕ್ಯಾರಿಯರ್, ಅದರ ಹಿಂದೆ ನಿಮ್ಮ ಮಗಳು. "ಡಾಕ್ಟ್ರೇ, ಅದನ್ನ ಹೊರಗೆ ತೆಗೀರಿ. ಅಂಚು ಹಿಡ್ಕೊಳ್ಳಿ, ಮುಖ ಮುಟ್ಬೇಡಿ!" ಪೊಲೀಸರು ಕಳ್ಳನಿಗೆ ಹೇಳುವ ದನಿ. ಕ್ಯಾರಿಯರ್ ನನ್ನ ಬೆಲೆ ಪುಸ್ತಕದ ಮೇಲೆ ಕೂತಿತು. ಅವಳು ಮೇಜಿನ ದೀಪ ಬಗ್ಗಿಸಿ, ಹೊಳೆಯುವ ನಾಣ್ಯವನ್ನು ಬೆಳಕಿಗೆ ಓರೆ ಮಾಡಿದಳು. ಹಸಿ ಮಣ್ಣಿನ ಮೇಲೆ ಪೊರಕೆ ಎಳೆದಂತೆ ಸಣ್ಣ ಸಣ್ಣ ಗೀರುಗಳು, ಎಲ್ಲ ಒಂದೇ ದಿಕ್ಕಿಗೆ. "ಬ್ರಷ್ ಹಾಕಿ ಉಜ್ಜಿದೀರಾ?" ಡಾಕ್ಟರು ಮಗುವಿನ ಹಾಗೆ ಒಪ್ಪಿಕೊಂಡರು. ಹಲ್ಲುಪುಡಿ ಹಾಕಿ, ವೃತ್ತಿಯ ಅನುಭವವನ್ನೆಲ್ಲ ಸುರಿದು ಉಜ್ಜಿದ್ದರಂತೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಕೈ ಸೋತಿತಂತೆ. "ಪುಣ್ಯವಂತ ಕೈ," ಎಂದಳು.

ಮುಂದಿನದನ್ನು ನೀವು ನೋಡಬೇಕಿತ್ತು ಮಾವ. ಉಜ್ಜಿದ ನಾಣ್ಯದ ಅಂಚಿನ ಸುತ್ತ ಉಗುರಿನ ತುದಿ ಓಡಿಸಿ, ರಾಣಿಯ ನೆತ್ತಿಯ ಬಳಿ ನಿಲ್ಲಿಸಿದಳು: "ಇಲ್ಲಿ ಬೆಸುಗೆ ಇತ್ತು. ಯಾರೋ ಕೊಂಡಿ ಹಾಕ್ಸಿ ಕೊರಳಿಗೆ ಹಾಕ್ಕೊಂಡಿದ್ರು." ಭೂತಗನ್ನಡಿಗೆ ಕಾಣದ್ದು ಉಗುರಿಗೆ ಸಿಕ್ಕಿತ್ತು. ಕಪ್ಪು ನಾಣ್ಯ ಕೈಗೆ ಬಂದಾಗಲಂತೂ ಅವಳ ದನಿಯೇ ಇಳಿಯಿತು. ಸವೆತ ಮೊದಲು ತಟ್ಟುವುದು ಉಬ್ಬಿದ ಜಾಗಕ್ಕಂತೆ: ಹುಬ್ಬಿಗೆ, ಕೆನ್ನೆಗೆ, ಕಿವಿಯ ಮೇಲಿನ ಮುಸುಕಿನ ಮಡಿಕೆಗೆ. ಇಲ್ಲಿ ಮಡಿಕೆ ಇಸ್ತ್ರಿ ಮುರಿಯದ ಹಾಗೆ ಗರಿಗರಿ. ಅಕ್ಷರಗಳ ಸಂದಿಯಲ್ಲಿ ಟಂಕಸಾಲೆಯ ಹೊಳಪು ಇನ್ನೂ ಅವಿತುಕೊಂಡಿತ್ತು. "ಇದು ಕೊಳೆ ಅಲ್ಲ ರೀ, ವಯಸ್ಸು. ತೊಳೆದ್ರೆ ಹೋಗತ್ತೆ, ಮತ್ತೆ ಬರಲ್ಲ." ಬೆಲೆಗಳು ಅದಲುಬದಲಾದವು: ಆರು ಪಟ್ಟು ಕಪ್ಪಿಗೆ, ತೂಕದ ಬೆಲೆ ಬಿಳಿಗೆ. ಡಾಕ್ಟರು ಹೋದ ಮೇಲೆ, "ಕರೀದನ್ನೂ ತೂಕಕ್ಕೇ ತಗೋಬಹುದಿತ್ತಲ್ಲೇ," ಎಂದೆ. "ತಗೊಂಡಿದ್ರೆ ನಿದ್ದೆ ಬರ್ತಿತ್ತಾ ನಿಮ್ಗೆ?" ಎಂದಳು. ನನಗೆ ಯಾವ ಪರಿಸ್ಥಿತಿಯಲ್ಲೂ ನಿದ್ದೆ ಬರುತ್ತದೆಂದು ಅವಳಿಗೆ ಗೊತ್ತಿದ್ದರಿಂದ ಉತ್ತರಕ್ಕೆ ಕಾಯಲಿಲ್ಲ.

ಇದೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ. "ಊಟಕ್ಕೆ ಕೂತಾಗ ಅಪ್ಪ ಹೇಳ್ಕೊಡ್ತಿದ್ದದ್ದು ನಿಮ್ಗೆ. ನೀವು ತಲೆ ಆಡಿಸ್ತಿದ್ರಿ. ನಾನು ಬಡಿಸ್ತಾ ಕೇಳಿಸ್ಕೋತಿದ್ದೆ." ಆಮೇಲೆ, "ಅಪ್ಪಂಗೆ ಹೇಳ್ಬೇಡಿ. ಅಂಗಡಿ ನೋಡ್ಕೋತೀಯಾ ಅಂತ ಅವ್ರು ನನ್ನ ಒಂದಿನಾನೂ ಕೇಳ್ಲಿಲ್ಲ," ಎಂದು ಮುಖ ತಿರುಗಿಸಿ ಕ್ಯಾರಿಯರ್ ಬಿಚ್ಚತೊಡಗಿದಳು. ಅಂದಿನಿಂದ ಮಧ್ಯಾಹ್ನದ ಊಟ ದಿನೇ ದಿನೇ ಬೇಗ ಬರುತ್ತಿದೆ. ನಿನ್ನೆ ಬೆಳಿಗ್ಗೆ ಒಂಬತ್ತಕ್ಕೇ ಬಂತು. ಖಾಲಿ ಕ್ಯಾರಿಯರ್ ವಾಪಸು ಒಯ್ಯಲು ಅಂಗಡಿ ಮುಚ್ಚುವವರೆಗೂ ಅವಳಿಗೆ ಪುರಸೊತ್ತಾಗಲಿಲ್ಲ.

ಆದ್ದರಿಂದ ಮಾವ, ನಿಮ್ಮ ಪರೀಕ್ಷೆಯಲ್ಲಿ ನಾನು ಗೌರವಯುತವಾಗಿ ಫೇಲಾಗಿದ್ದೇನೆ. ಹಾಗೆಂದು ಅಂಗಡಿ ಮಾರಬೇಡಿ. ಗಿರಾಕಿಗಳನ್ನು ಮಾತಿನಲ್ಲಿ ಕೂರಿಸುವುದು, ಚಹಾ ತರುವುದು, ಗಾಜು ಒರೆಸುವುದು, ಇವುಗಳಲ್ಲಿ ನನ್ನನ್ನು ಮೀರಿಸುವವರಿಲ್ಲ. ನಾಣ್ಯ ಮಾತ್ರ ಒರೆಸುವುದಿಲ್ಲ.

ದೊಡ್ಡ ಮಗಳಿಗೂ ದೊಡ್ಡ ಅಳಿಯಂದಿರಿಗೂ ನೆನಪು ಹೇಳಿ. ಮಂಡಿಗೆ ವಿಶೇಷ ನಮಸ್ಕಾರ.

ನಿಮ್ಮ ಕುರ್ಚಿಯ ತುದಿಯಲ್ಲಿ ಹೇಗೋ ಕೂತಿರುವ,
ಅಳಿಯ

ಲಕೋಟೆ ಅಂಟಿಸುವ ಮುಂಚೆ ಒಂದು ಮಾತು: ಈಗಷ್ಟೇ ಬೋರ್ಡು ಬರೆಯುವವನು ಏಣಿ ಹೊತ್ತು ಬಂದ. ಅಂಗಡಿಯ ಹೆಸರಿನ ಮುಂದೆ 'ಮತ್ತು ಅಳಿಯ' ಎಂದು ಸೇರಿಸಲು ನೀವು ಹೋಗುವ ಮುಂಚೆಯೇ ಹೇಳಿದ್ದಿರಂತೆ. ಪರೀಕ್ಷೆಗೆ ಮೊದಲೇ ಪಾಸು ಮಾಡಿದ್ದೀರಿ. ಆದರೂ 'ಮತ್ತು' ಮುಗಿದ ಕೂಡಲೇ ಅವನನ್ನು ಕೆಳಗಿಳಿಸಿದ್ದೇನೆ. ಬರೀ 'ಮತ್ತು' ನೋಡಿ ಆಗಲೇ ಒಬ್ಬ ಬಂದು ಬಾಟಲಿ ಕೇಳಿಹೋದ, ಆದ್ದರಿಂದ ತಡ ಮಾಡುವಂತಿಲ್ಲ. ಬರೆಯುವವನದು ಅಕ್ಷರದ ಲೆಕ್ಕ: 'ಅಳಿಯ' ಮೂರಕ್ಷರ, 'ಮಗಳು' ಮೂರಕ್ಷರ, ನಿಮಗೇನೂ ಹೆಚ್ಚು ಬೀಳದು. ಅಳಿಯನನ್ನು ಬರೆದ ಮೇಲೆ ಅಳಿಸಬೇಕಾದರೆ ಮಾತ್ರ ಬೇರೆ ಕೂಲಿಯಂತೆ. ಕಾಗದ ತಲುಪಿದ ತಕ್ಷಣ ಫೋನು ಮಾಡಿ. ನನಗಲ್ಲ, ಅವಳಿಗೆ. ಅಂಗಡಿ ನೋಡಿಕೊಳ್ಳುತ್ತೀಯಾ ಎಂದು ನೀವೇ ಕೇಳಿ.