ಅರಮನೆಯ ಪ್ರಕಟಣೆ ಮತ್ತು ಅವ್ವನ ಲಿಂಗ

ನವೆಂಬರ್ 13, ಗುರುವಾರ. ಸ್ಟಾಕ್‌ಪೋರ್ಟ್.

ಅವ್ವ ನಗಲಿಲ್ಲ. ಅದೇ ಕೊರೆಯುತ್ತಿದೆ.

ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಧಾರವಾಡದ ಅಜ್ಜಿಗೆ ಫೋನಿನಲ್ಲಿ ತಮಾಷೆಗೆ ಅರಮನೆಯ ಪ್ರಕಟಣೆ ಹೊರಡಿಸುವ ಹುದ್ದೆ ನನ್ನದು. ಅವ್ವನ ನ್ಯುಮೋನಿಯಾವನ್ನೂ ಹಾಗೇ ಸಾರಿದೆ: ‘ಮಹಾರಾಣಿಯವರು ಇಂದು ಎರಡು ಚಮಚ ಗಂಜಿ ಸ್ವೀಕರಿಸಿ ಪ್ರಜೆಗಳನ್ನು ಬೈದರು.’

ಇವತ್ತು ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಮುಂಚೆ, ಎಂದೂ ಮೈಯಿಂದ ಅಗಲಿಸದ ಇಷ್ಟಲಿಂಗವನ್ನು ಅವ್ವ ತಾನೇ ಕೊರಳಿಂದ ತೆಗೆದು ನನ್ನ ಕೈಗಿಟ್ಟಳು.

“ಕೆಳಗ ಇಡಬ್ಯಾಡವಾ.”

“ಅಪ್ಪಣೆ, ಮಹಾರಾಣಿ,” ಎಂದೆ. ನಗದೆ, ನನ್ನ ಬೆರಳುಗಳನ್ನು ಲಿಂಗದ ಮೇಲೆ ಮಡಿಚಿದಳು.

ಅಲ್ಲಿಂದ ನೇರ ಐಸಿಯುಗೆ ಒಯ್ದರು. ಈಗ ಅವಳ ಬದಲು ಯಂತ್ರ ಉಸಿರಾಡುತ್ತಿದೆ.

ಮಧ್ಯಾಹ್ನ, ಐಸಿಯು ಸುದ್ದಿ ತಿಳಿಯದ ಅಜ್ಜಿ ಫೋನ್ ಮಾಡಿದಳು. “ಲಿಂಗಪೂಜಿ ಮಾಡಿದ್ಳೇನ ನಿಮ್ಮವ್ವ?”

“ಹೂಂ, ಮಾಡಿದ್ಳು,” ಎಂದೆ, ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ.

“ಹಂಗಾದ್ರ ಎದ್ದು ಕುಂತಾಳ ಬಿಡು. ಚಿಂತಿಲ್ಲ.”

ನಾಳೆಯೂ ಕೇಳುತ್ತಾಳೆ. ನಾಳೆ ಅವ್ವ ಏನು ಮಾಡಿದಳೆಂದು ಸಾರಲಿ?