ಬುಡಮೇಲಾದ ಗದ್ದೆಗೆ ಸಹಿ ಹಾಕಬೇಡಿ

ಮುಚ್ಚಿದ ಗಣಿಗಳ ಭೂಮಿ ಮರುಸ್ಥಾಪನೆಯ ಮುಖ್ಯ ಪರಿಶೀಲನಾಧಿಕಾರಿಗಳಿಗೆ, ಪಾಲೆಂಬಾಂಗ್.

ಮಾನ್ಯರೇ, ನನಗೆ ಮದುವೆಯಾಯಿತು! ಇಪ್ಪತ್ತಮೂರು ದಿನವಾಯಿತು, ಇನ್ನೂ ಬೆಳಿಗ್ಗೆ ಎದ್ದ ಕೂಡಲೇ ಪಕ್ಕಕ್ಕೆ ತಿರುಗಿ ನೋಡಿ ನಗುತ್ತೇನೆ. ಸರ್ಕಾರಿ ಪತ್ರವನ್ನು ಹೀಗೆ ಶುರುಮಾಡಬಾರದೆಂದು ನಾನು ಪಟ್ಟಣದಲ್ಲಿದ್ದು ಓದಿದ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಆದರೆ ನನ್ನ ಮದುವೆಗೂ ನಿಮ್ಮ ಕಚೇರಿಗೂ ನಂಟಿದೆ. ಅಂದು ನಮ್ಮ ಗದ್ದೆ ನಮಗೆ ಮರಳಿ ಬರಬೇಕಿತ್ತು. ಬಂದಿದೆ ಕೂಡ, ಸತ್ತು ಬಂದಿದೆ. ಬರುವ ಶುಕ್ರವಾರ ಅದು ಬದುಕಿದೆ ಎಂಬ ಪ್ರಮಾಣಪತ್ರಕ್ಕೆ ತಾವು ಸಹಿ ಹಾಕಲಿದ್ದೀರಿ.

ನಮ್ಮ ಸೆಮೆಂಡೆ ಜನರಲ್ಲಿ ಮನೆ, ಗದ್ದೆ ಎರಡೂ ಹಿರಿಮಗಳಿಗೆ. ಮದುವೆಯಾದ ದಿನ ಅವಳು ‘ತುಂಗು ತುಬಾಂಗ್’ ಆಗುತ್ತಾಳೆ, ಅಂದರೆ ಅಡುಗೆಮನೆಯ ಬಿದಿರಂಡೆಯನ್ನು ಕಾಯುವವಳು. ಗಂಡನೇ ಅವಳ ಮನೆಗೆ ಬರುತ್ತಾನೆ. ನನ್ನ ಸರ್ಕೋನಿ ನಾಲ್ಕು ಅಂಗಿ, ಒಂದು ಗಿಟಾರ್ ಹಿಡಿದು ಬಂದ. ಗಿಟಾರಿಗೆ ಎರಡೇ ತಂತಿ! ಇಷ್ಟಾದರೂ ಹಿರಿಮಗಳು ಒಡತಿಯಲ್ಲ. ಮಾರುವಂತಿಲ್ಲ, ಒತ್ತೆಯಿಡುವಂತಿಲ್ಲ, ಕಾಯಬೇಕು. ‘ತುಂಗು’ ಎಂದರೆ ಕಾವಲು ಕಾಯುವುದೂ ಹೌದು, ದಾರಿ ಕಾಯುವುದೂ ಹೌದು. ಅಮ್ಮ ತೀರಿಕೊಂಡ ಮೇಲೆ ಈ ಹೊಣೆ ಮತ್ತೆ ಹೊತ್ತ ನನ್ನ ಅಜ್ಜಿ ಹನ್ನೆರಡು ವರ್ಷ ಎರಡನೆಯ ಅರ್ಥದಲ್ಲೇ ಕಾದಳು.

ಹನ್ನೆರಡು ವರ್ಷದ ಹಿಂದೆ ಕಲ್ಲಿದ್ದಲು ಗಣಿ ಕಂಪನಿಯವರ ಜೊತೆ ತಮ್ಮ ಕಚೇರಿಯವರೊಬ್ಬರು ಬಂದಿದ್ದರು. ಅಜ್ಜಿ ಮಾರುವಂತಿರಲಿಲ್ಲ. ಹಾಗಾಗಿ ತಾನು ಮಾಡಬಹುದಾದದ್ದನ್ನು ಮಾಡಿದಳು, ನೆರೆಮನೆಗೆ ಒನಕೆ ಕೊಟ್ಟಂತೆ ಗದ್ದೆಯನ್ನು ಎರವಲು ಕೊಟ್ಟಳು.

“ತಗೊಂಡ್ಹೋಗಪ್ಪ, ಕೆಲಸ ಮುಗಿದ ಮೇಲೆ ಇದ್ದ ಹಾಗೇ ತಂದ್ಕೊಡು. ಮೊಮ್ಮಗಳ ಮದುವೆ ಹೊತ್ತಿಗೆ ಬೇಕು ನಂಗೆ.”

“ಅಯ್ಯೋ ಅಜ್ಜಿ, ಅದಕ್ಕೂ ಮುಂಚೇನೇ ಕೊಡ್ತೀವಿ. ಮದುವೆ ಊಟಕ್ಕೂ ಬರ್ತೀವಿ, ಕರೀಬೇಕು ಅಷ್ಟೆ!” ಎಂದರು ತಮ್ಮ ಕಚೇರಿಯವರು.

ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಕಾಗದದಲ್ಲಿದ್ದದ್ದು ‘ಹಕ್ಕು ಬಿಡುಗಡೆ’. ತಪ್ಪು ಆಕೆಯದೇ, ಒಪ್ಪುತ್ತೇನೆ. ಆದರೆ ಎರವಲು ಎಂಬ ಪದ ಆ ಹಾಳೆಯಲ್ಲಿ ಎಲ್ಲೂ ಇಲ್ಲವೆಂದು ಓದಿ ಹೇಳುವ ಕೆಲಸ ಯಾರದಾಗಿತ್ತು? ಅಂದಹಾಗೆ, ಕರೆದಿದ್ದೆವು. ಊಟಕ್ಕೆ ಯಾರೂ ಬರಲಿಲ್ಲ.

ಮದುವೆಯ ಮರುದಿನ ಸೋದರಮಾವ ಮದುಮಗಳನ್ನು ಗದ್ದೆಯ ಬದುವಿನ ಮೇಲೆ ಸುತ್ತಿಸಬೇಕು. ಅವಳ ಮೇಲ್ವಿಚಾರಕ ಅವನೇ. ಅವಳು ಬದು ಕುಸಿಯಲು ಬಿಟ್ಟರೆ, ಕಳೆ ಬೆಳೆಸಿದರೆ, ಹೊಣೆಯನ್ನು ಕಿತ್ತುಕೊಳ್ಳುವ ಅಧಿಕಾರವೂ ಅವನದೇ. ತಮ್ಮ ಇಲಾಖೆಯವರು ಪರಿಶೀಲನೆಗೆ ಬಂದಾಗ ಕಾರಿನೊಳಗಿಂದಲೇ ಫೋಟೋ ತೆಗೆದು ಹೋಗಿದ್ದರು. ನಮ್ಮ ಬಹ್ರೂನ್ ಮಾವ ಚಪ್ಪಲಿ ಬಿಟ್ಟು ಇಳಿದರು. ನೋಡಲು ಎಷ್ಟು ಚೆಂದವಿತ್ತು ಗೊತ್ತೇ? ಮೇಜಿನಂಥ ನೆಲ, ಸುತ್ತ ಅಕೇಶಿಯಾ ಸಾಲು, ‘ಪುನಶ್ಚೇತನಗೊಂಡ ಕೃಷಿಭೂಮಿ’ ಎಂಬ ಫಲಕ. ನಾನಂತೂ ಕುಣಿದಾಡಿದೆ. ಮಾವ ಹಿಮ್ಮಡಿ ಒತ್ತಿ ನೋಡಿದರು.

“ಏನೇ ಇದು, ಗದ್ದೆನೋ ಗಾರೆ ನೆಲಾನೋ? ಮದುವೆ ಚಪ್ಪರ ಇಲ್ಲೇ ಹಾಕ್ಬೋದಿತ್ತಲ್ಲೇ!”

ಆದರೂ ಸರ್ಕೋನಿ ಹೊಸ ಅಳಿಯನ ಹುರುಪಿನಲ್ಲಿ ಒಂದು ಮೂಲೆಯಲ್ಲಿ ಸಸಿಮಡಿ ಮಾಡಿದ. ಹನ್ನೆರಡನೆಯ ದಿನ ಸಸಿಗಳ ತುದಿ ತುಕ್ಕು ಹಿಡಿದಂತಾಯಿತು. ಹದಿನೆಂಟನೆಯ ದಿನಕ್ಕೆ ಮಡಿಯಿಡೀ ಕೆಂಪು. ಮಾವ ಹಾರೆ ಹಾಕಿದರು. ಬೂದುಕಲ್ಲು ಸಿಕ್ಕಿತು, ಕಿತ್ತಳೆ ಬಣ್ಣದ ನೀರು ಜಿನುಗಿತು, ಗಂಧಕದ ನಾತ ಬಂತು. ಹಾರೆ ಊರಿಕೊಂಡೇ ಕೇಳಿದರು:

“ಅಳಿಯಾ, ಇದೇ ಗಣೀಲಿ ಲಾರಿ ಓಡಿಸ್ತಿದ್ದೆ ಅಲ್ವಾ ನೀನು? ಇಲ್ಲಿದ್ದ ಕಪ್ಪು ಮಣ್ಣು ಎಲ್ಲೋ?”

“ಅಡೀಲಿ, ಮಾವ.”

“ಯಾವ ಅಡಿ?”

“ಎಲ್ಲದರ ಅಡೀಲಿ. ಮೊದಲು ಕೆರೆದದ್ದು ಅದನ್ನೇ. ಪಕ್ಕದ ಗುಂಡಿ ಖಾಲಿ ಇತ್ತು. ಸುರಿ ಅಂದ್ರು, ಸುರಿದೆ. ಅದರ ಮೇಲೆ ನಲವತ್ತು ಮೀಟರ್ ಕಲ್ಲು ಬಿತ್ತು.”

“ಥೂ ನಿನ್ನ! ಹೆಂಡ್ತಿ ಸಿಗೋಕೆ ಮುಂಚೇನೇ ಹೆಂಡ್ತಿ ಗದ್ದೆ ಹೂತಾಕ್ದೆಯಲ್ಲೋ!”

ನಾವೆಲ್ಲ ನಕ್ಕುಬಿಟ್ಟೆವು. ಅಜ್ಜಿ ಮಾತ್ರ ನಗಲಿಲ್ಲ, ಮಡಿಯ ಬದುವಿನ ಮೇಲೆ ಕೂತುಬಿಟ್ಟಳು. ಎಬ್ಬಿಸಲು ಇಬ್ಬರು ಬೇಕಾಯಿತು.

ಗಣಿಯಲ್ಲಿ ಕೆಲಸ ಸಾಗುವುದೇ ಹಾಗೆ, ಮಾನ್ಯರೇ. ಮೇಲಿನದು ಮೊದಲು ಹೊರಬಂದು ಮೊದಲು ಹೂತುಹೋಗುತ್ತದೆ. ಆಳದ ವಿಷ ಕೊನೆಗೆ ಬಂದು ಮೇಲೆ ಕೂರುತ್ತದೆ. ಹೀಗಾಗದಿರಲೆಂದೇ ನಿಮ್ಮ ಮರುಸ್ಥಾಪನೆಯ ಯೋಜನೆಗೊಂದು ಅನುಬಂಧವಿದೆ. ಅದು ಇಂಗ್ಲಿಷಿನಲ್ಲಿದೆ, ನಮ್ಮೂರಿನಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ‘ಮೇಲ್ಮಣ್ಣನ್ನು ಬೇರೆಯಾಗಿ ರಾಶಿ ಹಾಕಿ ಕಾಪಾಡಿ, ಕೊನೆಯಲ್ಲಿ ಮೇಲೆ ಹರಡತಕ್ಕದ್ದು’ ಎಂದಿದೆ ಅಲ್ಲಿ. ಎಲ್ಲಿದೆ ಆ ರಾಶಿ? ಯಾರಾದರೂ ಕೇಳಿದರೇ? ನಿಮ್ಮ ವರದಿ ಹೇಳುವುದಿಷ್ಟು: ‘ಹಸಿರು ಹೊದಿಕೆ ತೃಪ್ತಿಕರ.’ ನಮ್ಮ ಮದುವೆ ಮಂಟಪಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಎಲೆಗಳೂ ತೃಪ್ತಿಕರವಾಗಿ ಹಸಿರಾಗಿದ್ದವು ಸ್ವಾಮಿ. ಅಕೇಶಿಯಾ ಕಲ್ಲಿನ ಮೇಲೂ ಬೆಳೆಯುತ್ತದೆ. ಅದನ್ನು ಬೇಯಿಸಿ ಉಣ್ಣಲು ತಮ್ಮ ಮನೆಯಲ್ಲಿ ಬರುತ್ತದೆಯೇ?

ಮುಂದಿನ ಬಿತ್ತನೆಯ ಹೊತ್ತಿಗೆ ಭತ್ತ ಬೆಳೆಯುವ ನೆಲವಿಲ್ಲದಿದ್ದರೆ ನಮ್ಮ ಮನೆಯ ಈ ಹೊಣೆ ಮುಗಿಯಿತೆಂದು ಮಾವ ಸಾರಬೇಕಾಗುತ್ತದೆ. ಹಾಗೆಂದು ನನ್ನ ಮುಖ ನೋಡದೆ ಹೇಳಿದರು. ಕಾಯಲು ಗದ್ದೆಯೇ ಇಲ್ಲದ ನಾನು ಲೆಕ್ಕಕ್ಕಿಲ್ಲ, ಏಳು ತಲೆಮಾರಿನ ಹೆಂಗಸರ ಸಾಲಿನಲ್ಲಿ ಕೊನೆಯವಳಾಗಿ ಅಜ್ಜಿ ಸಾಯುತ್ತಾಳೆ. ಶುಕ್ರವಾರ ತಾವು ಸಹಿ ಹಾಕಿದರೆ ಕಂಪನಿಗೆ ಇಲ್ಲಿ ಒಂದು ಬುಟ್ಟಿ ಮಣ್ಣು ಹಾಕುವ ಕರ್ತವ್ಯವೂ ಉಳಿಯುವುದಿಲ್ಲ.

ಆದ್ದರಿಂದ ಸಹಿ ಹಾಕಬೇಡಿ. ಬೂಟು ಬಿಚ್ಚಿ ಇಳಿಯುವ ಒಬ್ಬರನ್ನು ಕಳಿಸಿ, ಮೊಣಕೈ ಆಳ ಅಗೆಸಿ ನೋಡಿ. ಜೀವವಿರುವ ಮಣ್ಣು ಒಂದು ಮೀಟರ್ ದಪ್ಪ ಹರಡುವವರೆಗೆ ಕಂಪನಿಯನ್ನು ಬಿಡಬೇಡಿ; ಎಲ್ಲಿಂದ ತರುತ್ತಾರೆಂಬುದು ಅವರ ತಲೆನೋವು. ಯಾವ ಲಾರಿ, ಯಾವ ಗುಂಡಿ, ಯಾರ ಆದೇಶ ಎಂದು ಸರ್ಕೋನಿ ಬರೆದುಕೊಡುತ್ತಾನೆ. ಆಮೇಲೆ ಈ ಸೀಮೆಯಲ್ಲಿ ಯಾರೂ ಅವನ ಕೈಗೆ ಲಾರಿ ಕೊಡುವುದಿಲ್ಲ. ಗೊತ್ತಿದ್ದೂ ಹ್ಞೂಂ ಅಂದಿದ್ದಾನೆ. ಮೂರು ವಾರದ ಗಂಡನನ್ನು ಇದಕ್ಕಿಂತ ಹೆಚ್ಚು ಕೇಳಲು ನನಗೆ ಬಾಯಿ ಬರುವುದಿಲ್ಲ.

ಇಂತಿ,
ಕೈಯ ಮದರಂಗಿ ಮಾಸುವ ಮೊದಲೇ ಬರಿಗೈಯಾದ
ಹೆಲ್ದಾ

ಉತ್ತರ ಬರೆಯುವ ಶ್ರಮ ಬೇಡ, ನಾವೇ ಬರುತ್ತಿದ್ದೇವೆ, ಗಂಡ ಹೆಂಡತಿ ಇಬ್ಬರೂ. ಕಲ್ಲಿದ್ದಲಿನ ಗಾಡಿಗಳಿಗೆ ದಾರಿ ಬಿಟ್ಟುಕೊಡುತ್ತ ನಮ್ಮ ರೈಲು ನಡುನಡುವೆ ನಿಲ್ಲುತ್ತದೆ, ತಡವಾದೀತು. ಆದರೆ ತಮ್ಮೂರಿನ ಕೆರ್ತಾಪತಿ ನಿಲ್ದಾಣದಲ್ಲಿ ಇಳಿಯುವುದು ಖಂಡಿತ: ಬುಧವಾರ, ಬುಕಿತ್ ಸೆರೆಲೊ ರೈಲು.