ಸೊಸೆಯ ಉರಿಯೂತಕ್ಕೆ ಎರಡೇ ಪದದ ಚೀಟಿ

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಸೊಸೆ ಮೇಘಾಳ ಕಾಯಿಲೆಗೆ ನಿಮ್ಮ ಇಲಾಖೆ ಎರಡು ವರ್ಷದಲ್ಲಿ ಕೊಟ್ಟ ಚಿಕಿತ್ಸೆ ಎರಡೇ ಪದಗಳದ್ದು: 'ತೂಕ ಇಳಿಸಿ'. ಮೂರು ಚೀಟಿಗಳಲ್ಲಿ, ಮೂರು ಬೇರೆ ಬೇರೆ ಕೈಬರಹದಲ್ಲಿ, ಅದೇ ಎರಡು ಪದ. ಇಷ್ಟು ಒಮ್ಮತ ನಿಮ್ಮಲ್ಲಿ ಇನ್ನಾವ ವಿಷಯಕ್ಕಾದರೂ ಇದೆಯೇ?

ನಿಮ್ಮ ತಪ್ಪು ಹೇಳುವ ಮೊದಲು ನನ್ನದನ್ನು ಹೇಳಿಬಿಡುತ್ತೇನೆ. ದಡ್ಡಿ ಎಂಬ ಊರಿನ ಹುಡುಗಿ ಮೇಘಾ ನನ್ನ ಮಗ ಶ್ರೇಣಿಕನ ಕೈಹಿಡಿದು ಮಮದಾಪುರಕ್ಕೆ ಬಂದು ಮೂರು ವರ್ಷವಾಯಿತು. ಮದುವೆಯಾದ ಆರೇಳು ತಿಂಗಳಿಗೆ ಮುಟ್ಟು ನಿಂತಾಗ ನಾನು ಹೋಳಿಗೆ ಮಾಡಿ ಬೀಗರಿಗೆ ಫೋನು ಹಚ್ಚಿದೆ. ಅದು ಬಸಿರಾಗಿರಲಿಲ್ಲ. ಆಮೇಲೆ ಮೂರು ತಿಂಗಳಿಗೊಮ್ಮೆ, ನಾಲ್ಕು ತಿಂಗಳಿಗೊಮ್ಮೆ ಮುಟ್ಟಾಗತೊಡಗಿತು. ಮೈ ಊದಿತು, ಗಲ್ಲದ ಮೇಲೆ ಕೂದಲು ಮೂಡಿತು, ಕೊರಳ ಹಿಂದೆ ಕಪ್ಪಗೆ ಪಟ್ಟಿ ಕಟ್ಟಿತು. ಸರಿಯಾಗಿ ಜಳಕ ಮಾಡುವುದಿಲ್ಲವೆಂದು ತಿಳಿದು, ನಾನೇ ಅವಳನ್ನು ಕೂರಿಸಿ ಕಡಲೆಹಿಟ್ಟು ಹಚ್ಚಿ ಚರ್ಮ ಕೆಂಪಾಗುವವರೆಗೆ ಆ ಕೊರಳನ್ನು ತಿಕ್ಕಿದೆ. ನಿಮ್ಮ ಚೀಟಿ ಕೈಗೆ ಬಂದ ಮೇಲಂತೂ ನನಗೆ ಸರಕಾರಿ ಅಪ್ಪಣೆಯೇ ಸಿಕ್ಕಂತಾಯಿತು. ಹೊತ್ತಿಗೊಂದೇ ರೊಟ್ಟಿ ಕೊಟ್ಟೆ. ಇಪ್ಪತ್ತು ದಿನಕ್ಕೆ ಅವಳು ಹಿಟ್ಟು ನಾದುತ್ತ ನಾದುತ್ತ ಒಲೆಯ ಪಕ್ಕದಲ್ಲೇ ಬಿದ್ದಳು. ನಿಮ್ಮ ಆದೇಶವನ್ನು ಇಷ್ಟು ಅಕ್ಷರಶಃ ಪಾಲಿಸಿದವರು ಈ ಭಾಗದಲ್ಲಿ ಬೇರೆ ಯಾರೂ ಇರಲಾರರು.

ಅದೇ ತಿಂಗಳು ಕಲ್ಲೋಳಿಯಲ್ಲಿ ನಿಮ್ಮದೇ ಶಿಬಿರ ನಡೆಯಿತು. ಅಲ್ಲಿದ್ದ ಹರೆಯದ ಲೇಡಿ ಡಾಕ್ಟರು, ನಮ್ಮ ಕಡೆಯ ಮಾತಿನಲ್ಲಿ ಬಾಯಾರು, ಮೊದಲು ಕೇಳಿದ್ದು, "ಕೊರಳ ಹಿಂಗ ಯಾರ್ ತಿಕ್ಕ್ಯಾರವಾ?" ಎಂದು.

ಮೇಘಾ ನನ್ನ ಕಡೆ ನೋಡಲಿಲ್ಲ. "ನಾನ ತಿಕ್ಕೊಂಡೇನ್ರಿ" ಎಂದಳು.

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

"ಇದು ಹೊಲಸಲ್ಲ ತಂಗಿ, ತಿಕ್ಕಿದ್ರ ಹೋಗೂದಿಲ್ಲ. ಇದಕ್ಕ ಪಿಸಿಓಎಸ್ ಅಂತಾರ" ಎಂದು ಅವರು ನನ್ನ ಕಡೆ ತಿರುಗಿದರು. "ಗಾಯ ಆದಾಗ ಆ ಜಾಗಾ ಕೆಂಪಾಗಿ ಬಾವು ಬರತೈತಲ್ರಿ, ಅದ ಉರಿಯೂತ. ಮೈ ತನ್ನನ್ನ ತಾ ಕಾಯೋ ರೀತಿ ಅದು. ಈ ಬ್ಯಾನಿ ಇದ್ದ ಭಾಳ ಮಂದಿಗೆ ಗಾಯ ಇಲ್ಲದನ ಅದು ಒಳಗ ಸಣ್ಣಗ ನಡದಿರತೈತಿ. ಇನ್ಸುಲಿನ್ ತನ್ನ ಕೆಲಸ ನೆಟ್ಟಗ ಮಾಡಂಗಿಲ್ಲ, ಅಂಡಾಶಯದಾಗ ಗಂಡಸರ ಹಾರ್ಮೋನು ಹೆಚ್ಚಾಗತೈತಿ, ಮುಟ್ಟು ತಪ್ಪತೈತಿ, ತೂಕ ಏರತೈತಿ. ತೂಕ ಏರಿದ್ರ ಉರಿಯೂತ ಮತ್ತ ಜಾಸ್ತಿ. ಯಾವುದು ಮೊದಲು, ಯಾವುದು ಆಮ್ಯಾಲ ಅನ್ನೂದು ಶಾಣ್ಯಾರಿಗೂ ಇನ್ನಾ ಪೂರಾ ತಿಳದಿಲ್ಲ. ಆದ್ರ ಈಕಿ ಉಂಡದ್ದು ತಪ್ಪಲ್ರಿ. ಉಪವಾಸ ಕೆಡವಬ್ಯಾಡ್ರಿ."

ಸ್ಕ್ಯಾನು, ರಕ್ತಪರೀಕ್ಷೆ ಬರೆದುಕೊಟ್ಟರು. ಪೂರ್ತಿ ಹೋಗುವ ಕಾಯಿಲೆಯಲ್ಲ, ಆದರೆ ಊಟ, ನಡಿಗೆ, ನಿದ್ದೆ, ಔಷಧಿಗಳಿಂದ ಹತೋಟಿಯಲ್ಲಿಡಬಹುದು, ಮುಂದಿನ ತಿಂಗಳು ಬನ್ನಿ ಎಂದರು. ಬಸ್ಸಿನಲ್ಲಿ ಮೇಘಾ ನನ್ನ ಭುಜಕ್ಕೆ ತಲೆಯಿಟ್ಟು ಊರು ಬರುವವರೆಗೂ ಮಲಗಿದಳು. ಮದುವೆಯಾದಂದಿನಿಂದ ಅವಳು ಹಾಗೆ ಮಾಡಿದ್ದು ಅದೇ ಮೊದಲು.

ಪರೀಕ್ಷೆಗಳನ್ನು ಹೊರಗೆ ಮಾಡಿಸಿಕೊಂಡು ಮುಂದಿನ ತಿಂಗಳು ಅದೇ ಶಿಬಿರಕ್ಕೆ ಹೋದೆವು. ಬ್ಯಾನರು ಕಟ್ಟಿದ್ದರು, ಕುರ್ಚಿ ಖಾಲಿ. "ಬಾಯಾರಿಗೆ ವರ್ಗಾ ಆಗೈತ್ರಿ" ಎಂದ ಸಿಪಾಯಿ. ಅಲ್ಲಿಂದ ಪಟ್ಟಣದ ಸರಕಾರಿ ಆಸ್ಪತ್ರೆಗೆ ಹೋದರೆ ಹೆಂಗಸರ ಡಾಕ್ಟರ ಹುದ್ದೆಯೇ ಖಾಲಿ. ವಾರಕ್ಕೊಮ್ಮೆ ಬೇರೆ ಊರಿಂದ ಬರುವವರು ಬಸುರಿಯರನ್ನು ಮಾತ್ರ ನೋಡುತ್ತಾರಂತೆ. ಕಿಟಕಿಯಲ್ಲಿದ್ದ ಗುಮಾಸ್ತರು ಮೇಘಾಳಿಗೆ ಹೇಳಿದರು: "ಬಸರಾದ ಮ್ಯಾಲ ಬರ್ರಿ, ಆವಾಗ ತಾಯಿ ಕಾರ್ಡ್ ಮಾಡತೇವಿ."

ಮಾನ್ಯರೇ, ಬಸಿರಾಗಲು ಅಡ್ಡಿಯಾಗಿರುವ ಕಾಯಿಲೆಗೆ ಬಸಿರಾದ ನಂತರವೇ ಮದ್ದು ಎಂಬ ಈ ನಿಯಮವನ್ನು ಯಾವ ಮಹಾನುಭಾವರು ರೂಪಿಸಿದರು? ಮಗು ಹೆರುವ ಮೊದಲು ಹೆಣ್ಣಿಗೆ ಇರುವ ದೇಹ ಯಾವ ಇಲಾಖೆಯ ಅಡಿಯಲ್ಲಿ ಬರುತ್ತದೆ? ಸಕ್ಕರೆ ಕಾಯಿಲೆ ಬಂದೀತು, ಎಚ್ಚರವಿರಲಿ ಎಂದಿದ್ದರು ಬಾಯಾರು. ಆ ಎಚ್ಚರವನ್ನು ನಾವು ಯಾರ ಬಳಿ ಇಸಿದುಕೊಳ್ಳಬೇಕು?

ಶ್ರಾವಣದಲ್ಲಿ ಮೇಘಾ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಶ್ರೇಣಿಕ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದ. ಹೋದ ವಾರ ನಾನೇ ದಡ್ಡಿಗೆ ಹೋದೆ.

"ನಡಿ ಮೇಘಾ, ಇನ್ನ ಯಾರೂ ನಿನಗ ಏನೂ ಅನ್ನೂದಿಲ್ಲ" ಎಂದೆ.

"ಅನ್ನೂದಿಲ್ರಿ ಅತ್ತೀ. ಹೊಟ್ಟಿ ನೋಡತಾರ, ಅಷ್ಟ. ನೀವೂ ನೋಡತೀರಿ."

ಅವರ ಹೊಸ್ತಿಲು ದಾಟಿದ ಕೂಡಲೇ ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೇ. ನಿಮಗೆ ಹೀಗೊಂದು ಪತ್ರ ಬರೆಯುತ್ತೇನೆ, ಅದರಲ್ಲಿ ಅವಳ ಹೆಸರು ಬಿಟ್ಟುಬಿಡಲೇ ಎಂದು ಕೇಳಿದೆ. "ಹೆಸರು ಹಾಕ್ರಿ. ಇಷ್ಟ ದಿನಾ ಮುಚ್ಚಿಟ್ಟು ಏನಾತು?" ಎಂದಳು. ಚಹಾ ಕೊಟ್ಟಳು, ಬಸ್ ನಿಲ್ದಾಣದವರೆಗೆ ಬಂದಳು, ಬಸ್ಸು ಹತ್ತಲಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ವಾರದಲ್ಲಿ ಒಂದು ದಿನ, ಬಸುರಿಯಲ್ಲದ ಹೆಂಗಸಿಗೂ ಚೀಟಿ ಮಾಡಿ, ಅವಳ ಮಾತು ಮುಗಿಯುವವರೆಗೆ ಕೇಳುವ ಒಬ್ಬ ಡಾಕ್ಟರನ್ನು ಕೊಡಿ. ಅವರನ್ನು ಒಂದು ವರ್ಷವಾದರೂ ವರ್ಗ ಮಾಡಬೇಡಿ. ಮೇಘಾ ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳಾಗಿ ಬಂದ ದಿನ, ಅವಳನ್ನು ಕರೆದುಕೊಂಡು ಹೋಗಲು ಒಂದು ಬಾಗಿಲಾದರೂ ತೆರೆದಿರಲಿ.

ಇಂತಿ,
ಇನ್ನು ಯಾರಿಗೆ ಬರೆಯಬೇಕೆಂದು ತಿಳಿಯದ
ಇಂದ್ರವ್ವ, ಮಮದಾಪುರ